ಹಾಗೇ ಆಗಲಿ ಎನ್ನುವವರೆಗೆ

ಗಂಡನ ಪ್ರಾರ್ಥನೆ ‘ಈ ಮನೆಯನ್ನೂ ಮನೆಯವರನ್ನೂ’ ಎನ್ನುವಲ್ಲಿಗೆ ಬರುವುದಕ್ಕೂ ಒಲೆಯ ಮೇಲಿನ ಹಾಲು ಪಾತ್ರೆಯ ಅಂಚಿಗೆ ಏರುವುದಕ್ಕೂ ಸರಿಹೋಗುತ್ತಿತ್ತು. ದಿನಾ ಹೀಗೇ. ಹಾಲಿಗೆ ದೇವರ ಭಯವಿಲ್ಲ. ಊಟದ ಮೇಜಿನ ಸುತ್ತ ಮೂರು ತಲೆ ಬಗ್ಗಿರುತ್ತಿದ್ದವು, ಅವುಗಳಲ್ಲಿ ಅವಳೊಬ್ಬಳ ಕಣ್ಣು ತೆರೆದಿರುತ್ತಿತ್ತು. ಮೊದಮೊದಲು ಅದು ಹಾಲಿಗಾಗಿಯೇ. ಒಂದು ದಿನ ಉಕ್ಕಿ ಒಲೆಯೆಲ್ಲ ಸುಟ್ಟ ವಾಸನೆಯಾದ ಮೇಲೆ, ರೆಪ್ಪೆಯ ಸಂದಿಯಿಂದ ಒಲೆಯ ಕಡೆ ನೋಡುತ್ತಿರುವುದನ್ನು ರೂಢಿ ಮಾಡಿಕೊಂಡಳು. ಆಮೇಲೆ ಹಾಲನ್ನು ಮೊದಲೇ ಕಾಯಿಸಿ ಇಳಿಸಿದ ದಿನಗಳಲ್ಲೂ ಕಣ್ಣು ಮುಚ್ಚಲಿಲ್ಲ. ಮುಂಚೆ ಮುಚ್ಚಿದರೆ ಅಲ್ಲಿ ಯಾರೋ ಇರುತ್ತಿದ್ದರು. ಈಗ ರೆಪ್ಪೆಯ ಒಳಗಿನ ಕೆಂಪು ಮಾತ್ರ. ಯಾವತ್ತು ಎದ್ದು ಹೋದರೋ, ಹೇಳಿ ಹೋದರೋ ಹೇಳದೆ ಹೋದರೋ, ಅವಳಿಗೆ ಗೊತ್ತಾಗಲೇ ಇಲ್ಲ. ಜಗಳವಾಡಿ ಹೋಗಿದ್ದರಾದರೂ ಹೋಗಿ ಕರೆಯಬಹುದಿತ್ತು. ಈಗ ಯಾರನ್ನು ಕರೆಯುವುದು, ಎಲ್ಲಿಂದ? ಅದಕ್ಕೇ ಅವಳು ಆ ಹೊತ್ತಿನಲ್ಲಿ ಗಂಡನ ನೆತ್ತಿಯಲ್ಲಿ ಕೂದಲು ತೆಳ್ಳಗಾಗುತ್ತಿರುವ ಜಾಗ ನೋಡುತ್ತಿದ್ದಳು, ಗಡಿಯಾರ ನೋಡುತ್ತಿದ್ದಳು, ಕಿಟಕಿಯಾಚೆ ಎದುರು ಮನೆಯವನು ಬನಿಯನ್ನಿನಲ್ಲಿ ಹಲ್ಲುಜ್ಜುತ್ತ ಓಡಾಡುವುದನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಒಂದು ದಿನ ಮಗಳ ಒಂದು ಕಣ್ಣು ತೆರೆದಿರುವುದು ಕಂಡಿತು. ಪಿಟಿಪಿಟಿಯ ಎಡಗಣ್ಣು. ಬಾಯಿ ಸುಮ್ಮನಿರದ ಹುಡುಗಿಯಾದ್ದರಿಂದ ಆ ಹೆಸರು. ನಿಜವಾದ ಹೆಸರನ್ನು ಮನೆಯಲ್ಲಿ ಜ್ವರ ಬಂದಾಗ ಮಾತ್ರ ಕರೆಯುತ್ತಿದ್ದರು. ಆ ಎಡಗಣ್ಣು ಅವಳನ್ನು ನೋಡಿ ಅರಳಿ ಮತ್ತೆ ಮುಚ್ಚಿಕೊಂಡಿತ್ತು. ಆಮೇಲೆ ಅದು ದಿನವೂ ನಡೆಯಿತು. ಇಬ್ಬರೂ ಒಂದು ಮಾತೂ ಆಡಿರಲಿಲ್ಲ ಅದರ ಬಗ್ಗೆ.

ಮನೆಯ ನಿಯಮ ಸರಳವಾಗಿತ್ತು. ಮೇಜಿನಲ್ಲಿ ಹಿರಿಯರಾದವರು ‘ಹಾಗೇ ಆಗಲಿ’ ಎನ್ನುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ, ಏಳುವಂತಿಲ್ಲ, ಪ್ರಾರ್ಥಿಸುತ್ತಿರುವವರ ನಡುವೆ ಬಾಯಿ ಹಾಕುವಂತಿಲ್ಲ. ಬಾಯಿ ಹಾಕಿದರೆ ದೇವರ ಕೈಯಿಂದ ಫೋನು ಕಿತ್ತುಕೊಂಡ ಹಾಗೆ ಎಂದು ಅತ್ತಿಗೆ, ಅಂದರೆ ಗಂಡನ ಅಕ್ಕ, ಹೇಳುತ್ತಿದ್ದರು. ಒಬ್ಬರ ಪ್ರಾರ್ಥನೆ ಮುಗಿದ ಮೇಲೆ, ‘ಹಾಗೇ ಆಗಲಿ’ಗೆ ಮುಂಚೆ, ಒಂದಿಷ್ಟು ಹೊತ್ತು ಸುಮ್ಮನೆ ಬಿಡುತ್ತಿದ್ದರು. ಇನ್ನು ಯಾರಿಗಾದರೂ ಸೇರಿಸುವುದಿದ್ದರೆ ಸೇರಿಸಲಿ ಎಂದು. ಆ ಸಂದಿ ಪಿಟಿಪಿಟಿಯದಾಗಿತ್ತು. ಕಾಲು ಮುರಿದ ಬೊಂಬೆ, ಕೆಳಗಿನ ಮನೆಯ ಬೆಕ್ಕಿನ ಬಸಿರು, ಅಪ್ಪ ರಿಪೇರಿ ಮಾಡುವ ಲಿಫ್ಟುಗಳು ಅಪ್ಪ ಒಳಗಿದ್ದಾಗ ಕೆಳಗೆ ಬೀಳದಿರಲಿ ಎಂಬ ಕೋರಿಕೆ, ಎಲ್ಲ ಅಲ್ಲಿ ಬಂದು ಬೀಳುತ್ತಿತ್ತು. ಅಪ್ಪನಿಗೆ ಡಿಪೋಗೆ ತಡವಾಗುತ್ತಿತ್ತು. ಈಗ ಒಂದು ವಾರದಿಂದ ಆ ಸಂದಿ ಖಾಲಿ. ಇವತ್ತೂ ಗಂಡ ನಿಲ್ಲಿಸಿ ಕಾದ. ಹಾಲು ಅಂಚಿಗೆ ಬಂತು. ಪಿಟಿಪಿಟಿಯ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು, ಎಷ್ಟು ಗಟ್ಟಿಯಾಗಿ ಎಂದರೆ ಮೂಗಿನ ಮೇಲೆ ಗೆರೆ ಬಿದ್ದಿತ್ತು. “ಹಾಗೇ ಆಗಲಿ,” ಎಂದ ಗಂಡ. ಅವಳು ಒಲೆ ಆರಿಸಲು ಎದ್ದಳು.

“ಇವತ್ತು ಅಕ್ಕನ ಗುಂಪಿಗೆ ಹೋಗಿ ನೋಡ್ಕೊಂಡು ಬನ್ನಿ,” ಎಂದ ಗಂಡ ಬೂಟಿನ ದಾರ ಕಟ್ಟುತ್ತ. “ಸಂಜೆ ಅಕ್ಕ ಊಟಕ್ಕೆ ಬರ್ತಾಳೆ. ಏನು ಅಂತ ಕೇಳೇ ಕೇಳ್ತಾಳೆ.”

“ನೀವೇನಂತೀರಿ?”

“ನಾನೇನನ್ನಲಿ? ಪಾಠ ಹೇಳಿಕೊಡೋಳು ನೀನು. ನಿನಗೆ ಬಿಟ್ಟಿದ್ದು.”

“ನನಗೆ ಬಿಟ್ಟಿದ್ದು ಅಂದ್ರೆ ಅಕ್ಕನ ಗುಂಪು ಅಂತ ತಾನೇ?”

ಅವನು ನಕ್ಕ. ನಗುವಾಗ ಚಿಕ್ಕ ಹುಡುಗನ ಹಾಗೆ ಕಾಣುತ್ತಿದ್ದ. ತಾಯಿಯಿಲ್ಲದ ಅವನನ್ನು ಬೆಳೆಸಿದ್ದು ಅಕ್ಕ. ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಕೈಹಿಡಿದು ಪ್ರಾರ್ಥನೆ ಕಲಿಸಿದ್ದು ಅಕ್ಕ. ಅಕ್ಕನಿಗೆ ಇಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ, ಕೆಲವರಿಗೆ ಶಿಳ್ಳೆ ಹಾಕಲು ಬರುವುದಿಲ್ಲವಲ್ಲ, ಹಾಗೆ. ಉಪಕರಣದ ಚೀಲ ಹೆಗಲಿಗೆ ಏರಿಸಿ ಅವನು ಮೆಟ್ಟಿಲಿಳಿದು ಹೋದ. ಲಿಫ್ಟಿದ್ದ ಕಟ್ಟಡವೇ, ಆದರೂ ಅವನು ಯಾವಾಗಲೂ ಮೆಟ್ಟಿಲಲ್ಲೇ ಹೋಗುತ್ತಿದ್ದ. ಒಳಗೇನಿದೆ ಎಂದು ಗೊತ್ತಿರುವವನು.

ಶಾಲೆ ಬೇಡ, ಮನೆಯಲ್ಲೇ ಪಾಠ ಎಂದು ಅವರು ತೀರ್ಮಾನಿಸಿ ಎರಡು ವರ್ಷವಾಗಿತ್ತು. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಪರದೆ ಹೊಲಿಯುವ ಕೆಲಸ ಮನೆಯಲ್ಲೇ. ಅಳತೆ ಟೇಪು ಹಿಡಿದು ಭಿನ್ನರಾಶಿ ಕಲಿಸಿದ್ದಳು, ಬಟ್ಟೆಯ ಅಂಚು ಮಡಿಸುತ್ತ ಕಾಗುಣಿತ ಕೇಳಿದ್ದಳು. ಆದರೆ ಮಗು ಎಷ್ಟು ದಿನ ಅಮ್ಮನ ಹೊಲಿಗೆ ಯಂತ್ರದ ಜೊತೆಯೇ ಮಾತಾಡುತ್ತದೆ? ಹಾಗೆ ಮನೆಯಲ್ಲೇ ಕಲಿಯುವ ಮಕ್ಕಳು ವಾರಕ್ಕೆ ಕೆಲವು ದಿನ ಒಟ್ಟಿಗೆ ಸೇರುವ ಗುಂಪು ಬೇಕಿತ್ತು, ದೇವರನ್ನು ನಂಬುವವರದ್ದೇ ಆಗಿರಬೇಕಿತ್ತು. ಅಂಥವು ಎರಡಿದ್ದವು. ಒಂದನ್ನು ಅತ್ತಿಗೆಯೇ ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ ನಡೆಸುತ್ತಿದ್ದರು. ಇನ್ನೊಂದು ಬೇಕರಿಯ ಮೇಲಿನ ಮನೆಯಲ್ಲಿ. ಅಲ್ಲಿಯ ಹೆಂಗಸು ಬೇಸಿಗೆಯಲ್ಲೂ ಉಣ್ಣೆ ಟೋಪಿ ಹಾಕಿಕೊಳ್ಳುತ್ತಿದ್ದಳು. ಹೋದ ವಾರ ಅಲ್ಲಿಗೆ ಹೋದಾಗ ಅದನ್ನು ಕೇಳಿ ಪಿಟಿಪಿಟಿ ಮೆಟ್ಟಿಲಲ್ಲೇ ಆಕೆಗೆ ಟೋಪಿಯಮ್ಮ ಎಂದು ಹೆಸರಿಟ್ಟು, ಬಾಗಿಲು ತೆರೆದ ಕೂಡಲೇ ಅದೇ ಹೆಸರಿನಿಂದ ಕರೆದೂ ಆಗಿತ್ತು. “ಇರಲಿ ಬಿಡಿ, ಹಿಂದೆ ಕರೆಯೋರು ಮುಂದೇನೇ ಕರೀಲಿ,” ಎಂದು ಟೋಪಿಯಮ್ಮ ನಕ್ಕಿದ್ದಳು.

ಈಗ ಅತ್ತಿಗೆಯ ಗುಂಪಿಗೆಂದು ಮಗಳ ಕೈ ಹಿಡಿದು ರಸ್ತೆ ದಾಟುವಾಗ, ಆ ಹಿಡಿದ ಕೈಯ ಮೇಲುಭಾಗದಲ್ಲಿ ತೋಳಿನ ಒಳಗೆ ಏನಿದೆ ಎಂಬುದು ಅವಳಿಗೆ ಗೊತ್ತಿತ್ತು. ಎರಡು ಪುಟ್ಟ ಕಲೆ, ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತಿರುವವು. ಸ್ನಾನ ಮಾಡಿಸುವಾಗ ಅವಳು ಸೋಪು ಹಿಡಿದ ಕೈಯನ್ನು ಅಲ್ಲಿ ಸುತ್ತು ಬಳಸಿ ಒಯ್ಯುತ್ತಿದ್ದಳು. ಪಿಟಿಪಿಟಿ ಅದರ ಬಗ್ಗೆ ಏನೂ ಹೇಳಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ. ಬಾಯಿ ಸುಮ್ಮನಿರದ ಹುಡುಗಿ ಸುಮ್ಮನಿದ್ದದ್ದು ಅವಳಿಗೆ ಕಲೆಗಿಂತ ಹೆಚ್ಚು ಉರಿಯುತ್ತಿತ್ತು. ಹೋದ ವಾರ ಅವತ್ತು ಟೋಪಿಯಮ್ಮನ ಮನೆಯಲ್ಲಿ ಎಲ್ಲೆಲ್ಲೂ ಅಂಟು, ಬಣ್ಣ, ಅರ್ಧ ಮಾಡಿ ಬಿಟ್ಟ ಕಾಗದದ ಹಡಗುಗಳು. ಕೆಳಗಿನಿಂದ ಬ್ರೆಡ್ಡಿನ ವಾಸನೆ ಬರುತ್ತಿದ್ದುದರಿಂದ ಮಕ್ಕಳಿಗೆ ಸದಾ ಹಸಿವು. ಮೀಸೆ ಮೂಡುತ್ತಿದ್ದ ದೊಡ್ಡ ಹುಡುಗನೊಬ್ಬನಿಗೆ ಭಾಗಾಕಾರ ಬರುತ್ತಿರಲಿಲ್ಲ, ಅದರ ಬಗ್ಗೆ ಅವನಿಗಾಗಲಿ ಟೋಪಿಯಮ್ಮನಿಗಾಗಲಿ ಚಿಂತೆಯೂ ಇದ್ದಂತಿರಲಿಲ್ಲ. ಕೊನೆಗೆ ಎಲ್ಲರೂ ನೆಲದ ಮೇಲೆ ದುಂಡಗೆ ಕೂತು, ತಾಯಂದಿರೂ ಸೇರಿ, ಕಣ್ಣು ಮುಚ್ಚಿದರು. ಒಬ್ಬೊಬ್ಬರೇ ತಮ್ಮ ತಮ್ಮ ಮಾತಿನಲ್ಲಿ ಪ್ರಾರ್ಥಿಸಬೇಕು. “ದೇವರ ಹತ್ರ ಏನು ಬೇಕಾದ್ರೂ ಹೇಳಬಹುದು,” ಎಂದಳು ಟೋಪಿಯಮ್ಮ. ಅದು ಅವಳೂ ಮಗಳಿಗೆ ಹೇಳಿಕೊಟ್ಟ ಮಾತೇ. ದೇವರ ಹತ್ತಿರ ಮುಚ್ಚಿಡಬಾರದು ಕಂದಾ, ಮುಚ್ಚಿಟ್ಟರೆ ಅದು ಪ್ರಾರ್ಥನೆಯಲ್ಲ, ನಾಟಕ. ಸರದಿ ಬಂದಾಗ ಪಿಟಿಪಿಟಿ ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿದಳು: “ದೇವರೇ, ನಮ್ಮಮ್ಮ ಪ್ರಾರ್ಥನೆ ಮಾಡೋವಾಗ ಕಣ್ಣೇ ಮುಚ್ಚಲ್ಲ. ಗಡಿಯಾರ ನೋಡ್ತಾಳೆ. ಕಿಟಕಿಯಿಂದ ಬನಿಯನ್ ಅಂಕಲ್ಲನ್ನೂ ನೋಡ್ತಾಳೆ. ಅವಳಿಗೆ ಒಬ್ಬಳಿಗೇ ಬೇಜಾರು ಅನ್ಸುತ್ತೆ. ಅದಕ್ಕೇ ನಾನೂ ಒಂದು ಕಣ್ಣು ಬಿಡ್ತೀನಿ. ನೀನು ಕೋಪ ಮಾಡ್ಕೋಬೇಡ.”

ಯಾರೋ ಒಬ್ಬಳು ತಾಯಿ ಉಸಿರು ಒಳಗೆಳೆದುಕೊಂಡಳು. ಇನ್ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಸದ್ದು. ಆಗ ಟೋಪಿಯಮ್ಮ, ಕಣ್ಣು ಮುಚ್ಚಿಕೊಂಡೇ, ತಡೆಯಲಾರದೆ ಭುಸ್ಸೆಂದು ನಕ್ಕುಬಿಟ್ಟಳು. “ಅಲ್ಲವೇ ಪುಟ್ಟಿ, ಕಣ್ಣು ಬಿಟ್ಟಿರೋದು ಕಾಣ್ಬೇಕು ಅಂದ್ರೆ ಕಣ್ಣು ಬಿಟ್ಟಿರ್ಲೇಬೇಕಲ್ಲ! ಕಳ್ಳರೇ ಕಳ್ಳರನ್ನ ಹಿಡಿಯೋದು!” ಇಡೀ ದುಂಡು ನಕ್ಕಿತು. ಅದು ಕೆಟ್ಟ ನಗುವಾಗಿರಲಿಲ್ಲ. ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಅದರಲ್ಲಿ ಕೆಟ್ಟದ್ದು ಅವಳಿಗೆ ಸಿಗಲಿಲ್ಲ. ಆದರೆ ಅಲ್ಲಿ ಅವಳ ಕಣ್ಣು, ಆಗಲೂ, ತೆರೆದೇ ಇತ್ತು. ನಗುತ್ತ ಕಣ್ಣು ತೆರೆದವರೆಲ್ಲ ಮೊದಲು ಕಂಡದ್ದು ತಮ್ಮನ್ನೇ ನೋಡುತ್ತಿದ್ದ ಅವಳ ಎರಡು ಕಣ್ಣು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಕಣ್ಣು ಬಿಟ್ಟು ಕುಡಿದು ಸಿಕ್ಕಿಬಿದ್ದ ಬೆಕ್ಕು ಅವಳೇ ಇರಬೇಕು. ಕಿವಿಯ ತುದಿಯವರೆಗೆ ಬಿಸಿಯಾಗಿ, ‘ಮಕ್ಕಳು ನೋಡಿ’ ಎಂದೇನೋ ನಕ್ಕು, ಚಪ್ಪಲಿ ಹುಡುಕಿ, ಬಾಗಿಲು ಮುಚ್ಚಿದ ಮೇಲೆ ಮೆಟ್ಟಿಲ ತಿರುವಿನಲ್ಲಿ, ಬ್ರೆಡ್ಡಿನ ಆ ಬೆಚ್ಚನೆ ವಾಸನೆಯ ನಡುವೆ, ಮಗಳ ತೋಳಿನ ಒಳಭಾಗದ ಮೆತ್ತನೆ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದ್ದಳು. “ಬಾಯಿ ಇದೆ ಅಂತ ಊರಿಗೆಲ್ಲ ಸಾರ್ತೀಯಾ?” ಪಿಟಿಪಿಟಿ ಅಳಲಿಲ್ಲ. ಆಶ್ಚರ್ಯದಿಂದ ನೋಡಿದಳು. “ಊರಿಗೆ ಹೇಳಿಲ್ಲಮ್ಮ, ದೇವರಿಗೆ ಹೇಳಿದ್ದು,” ಎಂದಳು.

ನೆಲಮಾಳಿಗೆಯಲ್ಲಿ ನೆಲಕ್ಕೆ ಹಾಕಿದ ಪಾಲಿಶಿನ ವಾಸನೆ. ಮಡಚುವ ಕುರ್ಚಿಗಳು ಗೆರೆ ಎಳೆದ ಹಾಗೆ, ಗೋಡೆಯ ಮೇಲ್ಭಾಗದಲ್ಲಿ ರಸ್ತೆಯ ಮಟ್ಟಕ್ಕೆ ಒಂದು ಕಿಟಕಿ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಒಂದು ಪುಟ್ಟ ಗಂಟೆ. “ಬಾಮ್ಮಾ ಬಾ. ತಡ ಆಯ್ತು, ಇರ್ಲಿ, ಮೊದಲನೇ ದಿನ ಅಲ್ವಾ. ಪಿಟಿಪಿಟಿ, ಅಲ್ಲಿ ಕೂತ್ಕೋ. ಬೆನ್ನು ನೇರ.” ಅತ್ತಿಗೆ ಕಲಿಸುವುದನ್ನು ನೋಡಿದರೆ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಭಾಗಾಕಾರವನ್ನು ಅವರು ಹಗ್ಗ ಮಡಚಿದ ಹಾಗೆ ಮಡಚಿ ತೋರಿಸಿದರು, ಹಿಂದೆ ಗೋಡೆಗೆ ಒರಗಿ ಕೂತಿದ್ದ ಅವಳಿಗೇ ಹೊಸದಾಗಿ ಅರ್ಥವಾಯಿತು. ಪುಟ್ಟ ಹುಡುಗಿಯೊಬ್ಬಳ ಬೂಟಿನ ದಾರ ಬಿಚ್ಚಿದ್ದನ್ನು ಕಂಡು, ಪಾಠ ನಿಲ್ಲಿಸದೆ, ಮಂಡಿಯೂರಿ ಕಟ್ಟಿದರು. ಆ ಮಂಡಿ ನೋವಿನದು ಎಂದು ಅವಳಿಗೆ ಗೊತ್ತಿತ್ತು. ನಡುವೆ ಒಬ್ಬ ಹುಡುಗ ಕೈಯೆತ್ತಿದ. “ದೇವರು ನಿದ್ದೆ ಮಾಡ್ತಾನಾ ಟೀಚರ್?” ಅತ್ತಿಗೆ ನಕ್ಕರು. “ಪ್ರಶ್ನೆಗಳಿಗೆ ಶುಕ್ರವಾರ ಇದೆಯಲ್ಲ ಮರಿ. ಶುಕ್ರವಾರ ಕೇಳು.” ಹುಡುಗ ಕೈ ಇಳಿಸಿದ. ಶುಕ್ರವಾರದವರೆಗೆ ಆ ಪ್ರಶ್ನೆ ಅವನೊಳಗೆ ಹಾಳಾಗದೆ ಉಳಿಯುತ್ತದೆಯೇ ಎಂದು ಅವಳು ಯೋಚಿಸಿದಳು, ಫ್ರಿಜ್ಜಿನಲ್ಲಿಟ್ಟ ಪದಾರ್ಥದ ಬಗ್ಗೆ ಯೋಚಿಸುವಂತೆ.

ಕೊನೆಯ ಪ್ರಾರ್ಥನೆಗೆ ಅತ್ತಿಗೆ ಗಂಟೆ ಬಾರಿಸಿದರು. ಎಲ್ಲ ಮಕ್ಕಳೂ ಎದ್ದು ನಿಂತು, ಒಂದೇ ದನಿಯಲ್ಲಿ, ಒಂದೇ ಕಡೆ ಉಸಿರು ತೆಗೆದುಕೊಂಡು, ಒಂದೇ ಪ್ರಾರ್ಥನೆ ಹೇಳಿದರು. ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು; ನೆಲಮಾಳಿಗೆಯ ತಗ್ಗು ಚಾವಣಿಗೆ ದನಿ ತಾಗಿ ವಾಪಸು ಬರುವಾಗ ಅವಳ ಕತ್ತಿನ ಹಿಂದೆ ಕೂದಲು ನಿಂತಿತು. ಅತ್ತಿಗೆ ಅವಳ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: “ನೋಡು, ಒಬ್ಬರೂ ಕಣ್ಣು ತೆರೆಯಲ್ಲ.” ಅವಳು ನೋಡಿದಳು. ನಿಜ, ಒಬ್ಬರೂ ತೆರೆದಿರಲಿಲ್ಲ. ಎಡಗಡೆಯಿಂದ ಮೂರನೆಯವಳಾಗಿ ಪಿಟಿಪಿಟಿ ನಿಂತಿದ್ದಳು, ಆಗಲೇ ಅರ್ಧ ಪ್ರಾರ್ಥನೆ ಬಾಯಿಗೆ ಬಂದಿತ್ತು, ಬರದ ಕಡೆ ತುಟಿ ಮಾತ್ರ ಆಡಿಸುತ್ತಿದ್ದಳು. ಅದನ್ನು ನೋಡಿ ಅವಳಿಗೆ ಮೊದಲು ಆದದ್ದು ನಿರಾಳ. ಅದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ಇಲ್ಲಿ ಯಾರೂ ಯಾರ ಮನೆಯ ಒಲೆಯ ವಿಷಯ ಹೇಳುವುದಿಲ್ಲ, ಕಿಟಕಿಯ ವಿಷಯ ಹೇಳುವುದಿಲ್ಲ. ಇಲ್ಲಿ ಮಗಳನ್ನು ಬಿಟ್ಟರೆ ಅವಳು ಬದುಕಿಕೊಂಡಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

“ತುಟಿ ಆಡಿಸೋದು ಎಲ್ಲಿ ಕಲಿತ್ಲು?” ಎಂದರು ಅತ್ತಿಗೆ, ಮೆಚ್ಚಿಕೆಯಿಂದ. “ಒಳ್ಳೇದು. ಬರದಿದ್ರೂ ಬಂದ ಹಾಗೆ ಮಾಡ್ತಿದ್ರೆ ಒಂದಿನ ಬಂದೇ ಬರುತ್ತೆ.”

ಎಲ್ಲಿ ಕಲಿತಳು ಎಂದು ಅವಳಿಗೆ ಗೊತ್ತಿತ್ತು. ಮನೆಯ ಮೇಜಿನಲ್ಲಿ, ಅಮ್ಮನ ತುಟಿ ನೋಡಿ.

ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಫೋನು ಬಂತು. ಟೋಪಿಯಮ್ಮ. ಹಿಂದೆ ಮಕ್ಕಳ ಗದ್ದಲ, ಏನೋ ಬಿದ್ದು ಉರುಳಿದ ಸದ್ದು. “ಏನಿಲ್ಲ, ಅವತ್ತು ನಾನು ನಗಬಾರದಿತ್ತು, ಅಂತ ಹೇಳೋಣ ಅಂತ. ಇಷ್ಟು ದಿನ ಫೋನು ಕೈಗೆ ತಗೊಂಡು ತಗೊಂಡು ಇಟ್ಟೆ. ನನ್ನ ಬಾಯಿಗೆ ಬಾಗಿಲಿಲ್ಲ, ನೀವು ಬೇಜಾರು ಮಾಡ್ಕೋಬೇಡಿ.”

“ಅಯ್ಯೋ, ಹಾಗೇನಿಲ್ಲ. ಮಕ್ಕಳು...”

“ಮಕ್ಕಳದ್ದು ಬಿಡಿ. ನಾನು ನಕ್ಕಿದ್ದು ಯಾಕೆ ಗೊತ್ತಾ? ನಮ್ಮಮ್ಮ ಸತ್ತಾಗ ಒಂದು ವರ್ಷ ನನ್ನ ಕೈಲೂ ಪ್ರಾರ್ಥನೆ ಮಾಡೋಕೆ ಆಗ್ಲಿಲ್ಲ. ಒಬ್ಬರಿಗೂ ಹೇಳಿರ್ಲಿಲ್ಲ. ನಿಮ್ಮ ಹುಡುಗಿ ಹೇಳಿದ ತಕ್ಷಣ... ಏ, ಅದನ್ನ ಬಾಯಿಗೆ ಹಾಕ್ಬೇಡ್ವೋ! ಅಂಟು ಅದು! ಕೇಳಿಸ್ತಿದೆಯಾ? ಬರೋದಿದ್ರೆ ಬನ್ನಿ, ಇಲ್ದಿದ್ರೆ ಇಲ್ಲ. ಭಾಗಾಕಾರ ಮಾತ್ರ ನೀವೇ ಹೇಳಿಕೊಡಬೇಕು, ಅದು ನನ್ನ ಕೈಲಾಗಲ್ಲ.” ಫೋನು ಕಟ್ಟಾಯಿತು. ಆಕೆಯೇ ಕಟ್ ಮಾಡಿದಳೋ ಅಂಟಿನ ಕೈ ತಾಗಿತೋ ತಿಳಿಯಲಿಲ್ಲ. ಪಿಟಿಪಿಟಿ ಬೆಂಚಿನ ಮೇಲೆ ಕಾಲು ಜೋಡಿಸಿ, ಬೆನ್ನು ನೇರ ಮಾಡಿ ಕೂತಿದ್ದಳು. ಯಾರ ಫೋನು ಎಂದು ಕೇಳಲಿಲ್ಲ.

ಮಧ್ಯಾಹ್ನವೆಲ್ಲ ಅವಳು ಹಸಿರು ಪರದೆಯ ಅಂಚು ಹೊಲಿದಳು. ಯಾರದೋ ಮನೆಯ ದೊಡ್ಡ ಕಿಟಕಿ. ಅದರಾಚೆ ಏನು ಕಾಣುತ್ತದೋ, ಇನ್ನು ಕಾಣುವುದಿಲ್ಲ. ಅವಳ ಕೆಲಸವೇ ಅದು, ಜನರಿಗೆ ಕಣ್ಣು ಮುಚ್ಚಲು ಬಟ್ಟೆ ಕೊಡುವುದು. ಯಂತ್ರ ನಿಂತಾಗೆಲ್ಲ ಪಕ್ಕದ ಕೋಣೆಯಿಂದ ಮಗಳ ದನಿ ಕೇಳುತ್ತಿತ್ತು. ನೆಲಮಾಳಿಗೆಯ ಪ್ರಾರ್ಥನೆಯನ್ನು ಬಾಯಿಪಾಠ ಮಾಡುತ್ತಿದ್ದಳು. ಒಂದು ಕಡೆ ಎಡವಿ, ಮತ್ತೆ ಮೊದಲಿನಿಂದ. ಮದುವೆಯಾದ ಹೊಸದರಲ್ಲಿ ಅವಳೂ ಈ ಮನೆಯ ಪ್ರಾರ್ಥನೆಯನ್ನು ಹೀಗೇ ಬಾಯಿಪಾಠ ಮಾಡಿದ್ದಳಲ್ಲ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ಅತ್ತಿಗೆಯ ಮುಂದೆ ತಪ್ಪಬಾರದೆಂದು. ಅತ್ತಿಗೆಯ ಪ್ರಾರ್ಥನೆಗಳಿಗೆ ಅವಳು ಹೆದರಲು ಕಾರಣವಿತ್ತು. ಮಗಳಿಗೆ ಬೈದು ಸೊಸೆಗೆ ಬುದ್ಧಿ ಹೇಳಿದ ಹಾಗೆ, ಅವರು ದೇವರಿಗೆ ಹೇಳಿ ತಮ್ಮನ ಹೆಂಡತಿಗೆ ತಲುಪಿಸುತ್ತಿದ್ದರು. ‘ದೇವರೇ, ಪಾತ್ರೆ ತೊಳೆಯದೆ ಮಲಗುವವರಿಗೆ ಬೆಳಿಗ್ಗೆ ಬೇಗ ಎಚ್ಚರ ಕೊಡು.’ ‘ದೇವರೇ, ಸ್ವಂತ ಬುದ್ಧಿಯನ್ನೇ ನೆಚ್ಚಿಕೊಂಡವರಿಗೆ ಹಿರಿಯರ ಮಾತು ಕೇಳುವ ಕಿವಿ ಕೊಡು.’ ಉತ್ತರ ಕೊಡುವ ಹಾಗಿರಲಿಲ್ಲ. ಪ್ರಾರ್ಥನೆಯ ನಡುವೆ ಬಾಯಿ ಹಾಕುವವರಾರು? ಮುಗಿದ ಮೇಲೆ ಹೇಳೋಣವೆಂದರೆ, ನಾನು ಮಾತಾಡಿದ್ದು ದೇವರ ಹತ್ತಿರ ಕಣಮ್ಮಾ, ನಿನ್ನ ಹತ್ತಿರ ಅಲ್ಲವಲ್ಲ ಎನ್ನುತ್ತಿದ್ದರು. ಅವಳು ‘ಹಾಗೇ ಆಗಲಿ’ ಎಂದು ದನಿಗೂಡಿಸುತ್ತಿದ್ದಳು. ತನ್ನ ಮೇಲಿನ ದೂರಿಗೆ ತಾನೇ ರುಜು ಹಾಕಿದ ಹಾಗೆ.

“ಪಿಟಿಪಿಟಿ, ಬಾ ಇಲ್ಲಿ.” ಮಗಳು ಬಂದು ಪರದೆಯ ರಾಶಿಯ ಪಕ್ಕ ನಿಂತಳು. “ನಿನಗೆ ಎಲ್ಲಿ ಇಷ್ಟ ಆಯ್ತು? ಟೋಪಿಯಮ್ಮನ ಮನೇನೋ, ಅತ್ತೆ ಕ್ಲಾಸೋ?”

“ಎಲ್ಲಾದ್ರೂ ಸರಿ.”

“ಹಾಗಂದ್ರೆ?”

“ಅತ್ತೆ ಹತ್ರಾನೇ ಒಳ್ಳೇದಮ್ಮಾ.” ಪಿಟಿಪಿಟಿ ಬಟ್ಟೆಯ ಅಂಚಿನ ದಾರ ಎಳೆಯುತ್ತ ಯೋಚಿಸಿ ಹೇಳಿದಳು. “ಅಲ್ಲಿ ಏನು ಹೇಳ್ಬೇಕು ಅಂತ ಮೊದ್ಲೇ ಹೇಳಿಕೊಟ್ಟಿರ್ತಾರೆ. ತಪ್ಪಾಗಲ್ಲ.”

ಹೇಳಿ, ಹೊಲಿಗೆ ಯಂತ್ರದ ಮೇಲೆ ಬಿದ್ದಿದ್ದ ಸೀಮೆಸುಣ್ಣದ ಪುಡಿಯನ್ನು ಊದಿ, ವಾಪಸು ಹೋದಳು. ಪಕ್ಕದ ಕೋಣೆಯಲ್ಲಿ ಪ್ರಾರ್ಥನೆ ಮತ್ತೆ ಮೊದಲಿನಿಂದ ಶುರುವಾಯಿತು. ಅವಳು ಪೆಡಲ್ ಮೇಲೆ ಕಾಲಿಟ್ಟುಕೊಂಡು ತುಳಿಯದೆ ಕೂತಳು. ಅಪ್ಪಿಕೊಂಡು ತಪ್ಪಾಯ್ತು ಎನ್ನಬಹುದಿತ್ತು. ಎನ್ನಬೇಕೆಂದು ಎರಡು ಸಲ ಎದ್ದಳು ಕೂಡ. ಆದರೆ ಯಾವುದಕ್ಕೆ ತಪ್ಪಾಯ್ತು ಎನ್ನುವುದು? ಚಿವುಟಿದ್ದಕ್ಕೋ, ಕಣ್ಣು ತೆರೆದದ್ದಕ್ಕೋ, ನಿಜ ಹೇಳು ಎಂದು ಕಲಿಸಿದ್ದಕ್ಕೋ? ಒಂದಕ್ಕೆ ಎಂದರೆ ಉಳಿದದ್ದರ ಲೆಕ್ಕ ಕೊಡಬೇಕಾಗುತ್ತಿತ್ತು. ಇನ್ನು ಅತ್ತಿಗೆಗೆ ಇಲ್ಲ ಎನ್ನುವ ಮಾತು. ಅದನ್ನು ಅವಳು ಒಳಗೊಳಗೇ ಹೇಳಿ ನೋಡಿದಳು. ಅತ್ತಿಗೆ, ಪಿಟಿಪಿಟಿಯನ್ನ ಬೇರೆ ಕಡೆ... ಅತ್ತಿಗೆ, ನೀವು ತಪ್ಪು ತಿಳಿಯಲ್ಲ ಅಂದ್ರೆ... ಪ್ರತಿ ಸಲವೂ, ಎರಡನೆಯ ಪದಕ್ಕೆ ಬರುವಷ್ಟರಲ್ಲಿ, ಮನಸ್ಸಿನೊಳಗಿನ ಅತ್ತಿಗೆ ‘ಯಾಕೆ?’ ಎಂದು ನಡುವೆ ಬಾಯಿ ಹಾಕುತ್ತಿದ್ದರು. ಆ ‘ಯಾಕೆ’ಗೆ ಉತ್ತರ ಒಂದೇ ಇತ್ತು, ಅದನ್ನು ಹೇಳುವಂತಿರಲಿಲ್ಲ.

ಅತ್ತಿಗೆ ಹೇಳಿದ ಹೊತ್ತಿಗೇ ಬಂದರು, ಬರುವಾಗ ಸೇಬು ತಂದರು. ಗಂಡ ಸ್ನಾನ ಮಾಡಿ ಬಂದಿದ್ದರೂ ಕೈಯಿಂದ ಗ್ರೀಸಿನ ವಾಸನೆ ಹೋಗಿರಲಿಲ್ಲ. ಆಲೂಗಡ್ಡೆ ಬೇಯಿಸಿದ್ದಳು, ಸೂಪು ಮಾಡಿದ್ದಳು, ಬ್ರೆಡ್ಡು ಕೊಯ್ದಿಟ್ಟಿದ್ದಳು.

“ಏನೋ, ತೆಳ್ಳಗಾಗಿದ್ದೀಯಲ್ಲ,” ಎಂದರು ಅತ್ತಿಗೆ ತಮ್ಮನಿಗೆ, ಪ್ರತಿ ಸಲದಂತೆ.

“ಎಲ್ಲಿ ಅಕ್ಕಾ, ಪ್ಯಾಂಟು ಬಿಗಿ ಆಗ್ತಿದೆ.”

“ಪ್ಯಾಂಟು ಒಗೆದು ಒಗೆದು ಕುಗ್ಗಿದೆ ಅಷ್ಟೆ.” ಆಮೇಲೆ ಅವಳ ಕಡೆ ತಿರುಗಿ, “ಸೋಮವಾರದಿಂದ ಕಳಿಸು. ಅವಳ ಕುರ್ಚಿ ಕಿಟಕಿ ಪಕ್ಕ ಹಾಕಿಸ್ತೀನಿ. ಬೇಡ, ಕಿಟಕಿ ಪಕ್ಕ ಬೇಡ, ಆಚೆ ನೋಡ್ತಾ ಕೂರ್ತಾಳೆ. ಮುಂದಿನ ಸಾಲಲ್ಲೇ ಹಾಕಿಸ್ತೀನಿ,” ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಅವಳು ಸೂಪಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಅದರ ಕೆಳಗಿನ ಬಟ್ಟೆ ಸರಿಮಾಡಿದಳು. ಈಗ ಹೇಳಬೇಕು ಎಂದುಕೊಂಡಳು. “ಉಪ್ಪು ಸ್ವಲ್ಪ ಕಮ್ಮಿ ಇರಬಹುದು,” ಎಂದಳು.

“ಊಟಕ್ಕೆ ಪಿಟಿಪಿಟಿ ಪ್ರಾರ್ಥನೆ ಮಾಡ್ಲಿ,” ಎಂದರು ಅತ್ತಿಗೆ.

ನಾಲ್ಕು ತಲೆ ಬಗ್ಗಿದವು. ಪಿಟಿಪಿಟಿ ಶುರುಮಾಡಿದಳು. ಬೆಳಗ್ಗೆ ನೆಲಮಾಳಿಗೆಯಲ್ಲಿ ಕೇಳಿದ್ದೇ ಪ್ರಾರ್ಥನೆ, ಮೊದಲ ಸಾಲಿನಿಂದ ಕೊನೆಯವರೆಗೆ, ಉಸಿರು ತೆಗೆದುಕೊಳ್ಳುವ ಕಡೆಯಲ್ಲೇ ಉಸಿರು ತೆಗೆದುಕೊಂಡು. ಮಧ್ಯಾಹ್ನ ಎಡವುತ್ತಿದ್ದ ಜಾಗ ಬಂತು, ಎಡವಲಿಲ್ಲ. ಅದರಲ್ಲಿ ಬೆಕ್ಕಿರಲಿಲ್ಲ, ಲಿಫ್ಟಿರಲಿಲ್ಲ, ಅವಳಿರಲಿಲ್ಲ. ಅತ್ತಿಗೆಯ ಮುಖದಲ್ಲಿ ಸಂತೋಷ ಹರಡಿತು, ಮುಚ್ಚಿದ ಕಣ್ಣಿನ ಮೂಲೆಯಲ್ಲಿ ಸುಕ್ಕು ಮೂಡಿತು. ಅವಳು ಮಗಳ ಎಡಗಣ್ಣನ್ನೇ ನೋಡುತ್ತಿದ್ದಳು. ತೆರೆ, ಎಂದು ಅವಳು ಕೇಳಿಕೊಂಡಳು. ಯಾರನ್ನು ಎಂದು ಗೊತ್ತಿಲ್ಲ, ಆದರೆ ಕೇಳಿಕೊಂಡಳು. ರೆಪ್ಪೆ ಅಲುಗಲಿಲ್ಲ. ಮೂಗಿನ ಮೇಲೆ ಆ ಗೆರೆ. ಮೇಜಿನ ಸುತ್ತ ಮೂವರೂ ಅವಳನ್ನು ಬಿಟ್ಟು ಎಲ್ಲಿಗೋ ಹೋಗಿದ್ದರು, ಅವಳೊಬ್ಬಳು ಸೂಪಿನ ಹಬೆಯ ಜೊತೆ ಉಳಿದಿದ್ದಳು. ಅವಳಿಗೆ ಒಬ್ಬಳಿಗೇ ಬೇಜಾರು ಅನ್ಸುತ್ತೆ.

ಪ್ರಾರ್ಥನೆ ಮುಗಿಯಿತು. ಆ ಸಂದಿ ಬಂತು. ಸೇರಿಸುವುದಿದ್ದವರು ಸೇರಿಸಲಿ ಎಂದು ಬಿಡುವ, ಒಂದು ವಾರದಿಂದ ಖಾಲಿಯಿದ್ದ ಆ ಚೂರು ಹೊತ್ತು. ಅತ್ತಿಗೆ ‘ಹಾಗೇ’ ಎನ್ನಲು ಉಸಿರೆಳೆದುಕೊಂಡರು.

“ದೇವರೇ,” ಎಂದಳು ಅವಳು.

ತನ್ನ ದನಿ ತನಗೇ ಬೇರೆಯವರದ್ದಾಗಿ ಕೇಳಿತು. ಅತ್ತಿಗೆಯ ಉಸಿರು ಅಲ್ಲೇ ನಿಂತಿತು. ನಿಲ್ಲಲೇಬೇಕಿತ್ತು.

“ದೇವರೇ, ಅತ್ತಿಗೆ ಬೆಳಿಗ್ಗೆ ಭಾಗಾಕಾರ ತುಂಬ ಚೆನ್ನಾಗಿ ಹೇಳಿಕೊಟ್ರು. ಅವರ ಮಂಡಿ ನೋವು ಕಮ್ಮಿ ಮಾಡು.” ಮುಂದೆ ಏನು ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಡನ ಹುಬ್ಬು ಮೇಲೇರಿತ್ತು, ಕಣ್ಣು ಮುಚ್ಚಿತ್ತು. “ಪಿಟಿಪಿಟಿಯನ್ನ ನಾನು ಬೇಕರಿ ಮೇಲಿನ ಗುಂಪಿಗೆ ಕಳಿಸ್ತೀನಿ. ಇದನ್ನ ಅತ್ತಿಗೆಗೆ ಹೇಳೋ ಧೈರ್ಯ ನನಗಿಲ್ಲ, ಅದಕ್ಕೇ ನಿನಗೆ ಹೇಳ್ತಿದೀನಿ. ಅವಳಿಗೆ ಅಲ್ಲಿ ಭಾಗಾಕಾರ ಬರಲ್ಲ, ಅದನ್ನ ಅತ್ತಿಗೇನೇ ಹೇಳಿಕೊಡ್ಬೇಕು, ಅವರು ಒಪ್ಪಿದ್ರೆ.” ನಿಲ್ಲಿಸಬಹುದಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಅದು ಅತ್ತಿಗೆಯೇ ಕಲಿಸಿದ ವಿದ್ಯೆ, ಅವರ ಬಾಣ ಅವರಿಗೇ. “ಕಣ್ಣು ಮುಚ್ಚಿದ್ರೆ ನನಗೆ ನೀನು ಕಾಣಿಸಲ್ಲ. ತುಂಬ ದಿನ ಆಯ್ತು. ಈ ಮನೇಲಿ ಅದು ಗೊತ್ತಿದ್ದೋಳು ಒಬ್ಬಳೇ. ಅವಳು ನಿನಗೆ ಹೇಳಿದ್ಲು ಅಂತ ನಾನು ಅವಳ ಕೈ ಚಿವುಟಿದೆ. ತಪ್ಪು ಅವಳದ್ದಲ್ಲ. ಅಷ್ಟೇ.”

ಮತ್ತೆ ಆ ಸಂದಿ. ಗಂಡ ತಲೆ ಬಗ್ಗಿಸಿಕೊಂಡೇ ಕೂತಿದ್ದ, ಆದರೆ ಅವನ ಕೈ ಮೇಜಿನ ಮೇಲೆ ಸ್ವಲ್ಪ ಮುಂದೆ ಬಂದು, ದಾರಿ ಗೊತ್ತಿಲ್ಲದವನ ಹಾಗೆ ಬ್ರೆಡ್ಡಿನ ತಟ್ಟೆಯ ಹತ್ತಿರ ನಿಂತಿತು. ಪಿಟಿಪಿಟಿಯ ಮೂಗಿನ ಗೆರೆ ಸಡಿಲವಾಯಿತು. ನಿಧಾನವಾಗಿ ಎಡಗಣ್ಣು ತೆರೆಯಿತು, ಅಮ್ಮನನ್ನು ನೋಡಿತು, ಹೌದೋ ಅಲ್ಲವೋ ಎಂಬಂತೆ ನೋಡಿತು. ಆಗಲೇ ಇಬ್ಬರಿಗೂ ಒಟ್ಟಿಗೆ ಅದು ಕಂಡದ್ದು. ಅತ್ತಿಗೆ ಕಣ್ಣು ತೆರೆದಿದ್ದರು. ‘ಹಾಗೇ ಆಗಲಿ’ ಇನ್ನೂ ಆಗಿರಲಿಲ್ಲ, ಅವರೇ ಹೇಳಬೇಕಿತ್ತು, ಆದರೂ ತೆರೆದಿದ್ದರು. ಅವರು ಅವಳನ್ನು ನೋಡಲಿಲ್ಲ. ಮೊದಲು ಗೋಡೆಯ ಗಡಿಯಾರ ನೋಡಿದರು, ಆಮೇಲೆ ಕಿಟಕಿ, ಆಮೇಲೆ ತಮ್ಮನ ನೆತ್ತಿ. ಹುಡುಕಿ ನೋಡಿದ ಹಾಗಿರಲಿಲ್ಲ ಅದು. ಕತ್ತಲಲ್ಲೂ ಸ್ವಿಚ್ಚು ಸಿಗುವ ಹಾಗೆ, ಕಣ್ಣಿಗೆ ದಾರಿ ಗೊತ್ತಿತ್ತು. ಕೊನೆಗೆ ಅವರ ನೋಟ ಅವಳ ಕಣ್ಣಿಗೆ ಬಂದು ತಾಗಿ ನಿಂತಿತು. ಸಿಟ್ಟಿರಲಿಲ್ಲ ಅಲ್ಲಿ, ಇದ್ದದ್ದು ದಣಿವಿನ ಹಾಗಿತ್ತು. ಆಮೇಲೆ ಅತ್ತಿಗೆ, ನಿದ್ದೆ ಬಂದಂತೆ ನಟಿಸುವ ಮಗುವಿನ ಹಾಗೆ, ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡರು.

“ಹಾಗೇ ಆಗಲಿ,” ಎಂದರು.

“ಹಾಗೇ ಆಗಲಿ,” ಎಂದ ಗಂಡ, ಕಣ್ಣು ತೆರೆದು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಯಾರಿಂದ ಶುರುಮಾಡಬೇಕೆಂದು ತಿಳಿಯದೆ ಬ್ರೆಡ್ಡು ಎತ್ತಿಕೊಂಡ.

“ಉಪ್ಪು ಈ ಕಡೆ ಕೊಡಮ್ಮಾ,” ಎಂದರು ಅತ್ತಿಗೆ. “ನಿಜವಾಗ್ಲೂ ಕಮ್ಮಿ ಆಗಿದೆ.” ಅವರು ಸೂಪನ್ನು ಇನ್ನೂ ಬಾಯಿಗೆ ಹಾಕಿರಲಿಲ್ಲ.

ಅವಳು ಉಪ್ಪಿನ ಡಬ್ಬಿಗೆ ಕೈ ಚಾಚಿದಳು. ಪಕ್ಕದಲ್ಲಿ ಪಿಟಿಪಿಟಿ ಕುರ್ಚಿಯ ತುದಿಗೆ ಸರಿದು, ಬೆನ್ನು ಬಾಗಿಸಿ, ಮೇಜಿಗೆ ಎರಡೂ ಮೊಣಕೈ ಊರಿ ಅತ್ತೆಯನ್ನೇ ನೋಡುತ್ತಿದ್ದಳು. ಒಂದು ವಾರದಿಂದ ಮುಚ್ಚಿದ್ದ ಬಾಯಿ ತೆರೆಯುತ್ತಿತ್ತು.

“ಅತ್ತೇ,” ಎಂದಳು, “ನೀವೂ ಪ್ರಾರ್ಥನೆ ಮಾಡೋವಾಗ...”

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಸಲು ಮೇಜಿನ ಕೆಳಗಿನಿಂದ ಮಗಳ ತೊಡೆಗೆ ಹೋಗುತ್ತಿದ್ದ ಅವಳ ಕೈ ಉಪ್ಪಿನ ಡಬ್ಬಿಯ ಮೇಲೇ ಇತ್ತು. ಡಬ್ಬಿಯನ್ನು ಅತ್ತಿಗೆಯ ಕಡೆ ಸರಿಸಿ, ಕೈಯನ್ನು ಅಲ್ಲೇ ಬಿಟ್ಟಳು.